ಅವಧೂತ ಆರಿಸಿದ ಕಲ್ಲು

ಬದನೆಕಾಯಿ ಕೊಳ್ಳಲು ನಿಂತರೆ ಅವಧೂತನಿಗೆ ಅರ್ಧ ಬೆಳಗು ಬೇಕಾಗುತ್ತಿತ್ತು. ಒಂದನ್ನು ಎತ್ತಿ ತೊಟ್ಟು ನೋಡುವನು, ಹೆಬ್ಬೆರಳಿನಿಂದ ಒತ್ತುವನು, ಕೆಳಗಿಟ್ಟು ಇನ್ನೊಂದನ್ನು ಎತ್ತುವನು. ಅಷ್ಟರಲ್ಲಿ ಮೊದಲಿನದೇ ಚೆನ್ನಾಗಿತ್ತೇನೋ ಅನ್ನಿಸಿ ಅದನ್ನು ಹುಡುಕಲು ತೊಡಗುವನು. ಟಿಳಕವಾಡಿಯಲ್ಲಿ ಕಾಯಿಪಲ್ಯ ಮಾರುವ ಫಕೀರವ್ವ ಅವನನ್ನು ಕಂಡರೆ ಬುಟ್ಟಿಗೆ ಗೋಣಿತಟ್ಟು ಮುಚ್ಚುತ್ತಿದ್ದಳು. "ರಾಯರ, ಬದನಿಕಾಯಿ ನೋಡಾಕ ಬಂದೀರೋ, ಹೆಣ್ಣ ನೋಡಾಕ ಬಂದೀರೋ?"

ಹೆಣ್ಣು ನೋಡುವುದರಲ್ಲೂ ಅವನದು ಅದೇ ಕಥೆ. ಹೋದಲ್ಲೆಲ್ಲ ಅವಲಕ್ಕಿ ತಿಂದು, ಚಹ ಕುಡಿದು, "ವಿಚಾರ ಮಾಡಿ ಹೇಳ್ತೀನ್ರಿ" ಎಂದು ಬರುತ್ತಿದ್ದ. ಅವನ ವಿಚಾರ ಮುಗಿಯುವಷ್ಟರಲ್ಲಿ ಆ ಹುಡುಗಿಯ ಮಗುವಿನ ತೊಟ್ಟಿಲು ಶಾಸ್ತ್ರ ಆಗಿರುತ್ತಿತ್ತು. ಹೀಗೆ ನಲವತ್ತು ದಾಟಿತು. ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಅಲ್ಲಿ ಯಾರೂ ಅವನಿಗೆ ಏನನ್ನೂ ಆರಿಸಲು ಹೇಳುತ್ತಿರಲಿಲ್ಲ, ತೋರಿಸಿದ ಜಾಗದಲ್ಲಿ ಶಿಕ್ಕಾ ಒತ್ತಿದರೆ ಆಯಿತು. ಒಳ್ಳೆಯವನು. ಹಿಂದವಾಡಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ಹಿತ್ತಿಲ ಗೋಡೆ ಒಂದೇ. ಅವನು ಯಾರಿಗಾದರೂ ಎದುರು ಮಾತಾಡಿದ್ದನ್ನು ನಾನು ಕೇಳಿಲ್ಲ.

ಅವನ ಅಣ್ಣ ಪರಾಗ ಇದಕ್ಕೆ ಪೂರ್ತಿ ಬೇರೆ. ಉದ್ಯಮಬಾಗದಲ್ಲಿ ಲೇಥ್ ಇಟ್ಟುಕೊಂಡಿದ್ದ. ಶಹಾಪುರದ ನೇಕಾರರ ಮನೆಯ ರಾಧಿಕಾಳನ್ನು ಒಮ್ಮೆ ನೋಡಿ, "ಇಕೀನ" ಎಂದು ಎದ್ದು ಬಂದಿದ್ದ. ಮಕ್ಕಳಿರಲಿಲ್ಲ. ಸಂಜೆ ಹಿತ್ತಿಲಿನ ತಗಡಿನ ಶೆಡ್ಡಿನಲ್ಲಿ ಕೂತು ಅವನು ಒಂದು ಗಾಡಿ ಮಾಡುತ್ತಿದ್ದ. ಮೊಳದುದ್ದದ ಆಟದ ಗಾಡಿ, ಆದರೆ ಮಕ್ಕಳದಲ್ಲ. ಕೈಯಲ್ಲಿ ರಿಮೋಟ್ ಹಿಡಿದು ಬಂಡೆಗಳ ಮೇಲೆ ಹತ್ತಿಸಿ ಇಳಿಸುವಂಥದ್ದು. ಅದಕ್ಕೆ ವೇಗ ಬೇಡ. ಆಮೆಯ ಹಾಗೆ ಕಲ್ಲನ್ನು ತಬ್ಬಿ ಏರಬೇಕು, ಜೋಡಿ ಕಡ್ಡಿಗಳ ನಡುವೆ ಅವುಗಳನ್ನು ತಾಕದೆ ದಾಟಬೇಕು, ಮಗುಚಬಾರದು, ಕೈ ಮುಟ್ಟಿಸಬಾರದು. ಪುಣೆ, ಕೊಲ್ಹಾಪುರ, ಗೋವಾಗಳಲ್ಲಿ ಇದೇ ಹುಚ್ಚು ಹಿಡಿದ ಕೆಲವರಿದ್ದರು. ಅವರೆಲ್ಲ ಸೇರಿ ಎರಡು ಸಾವಿರದ ನಾಲ್ಕನೆಯ ಇಸವಿಯ ಏಪ್ರಿಲಿನಲ್ಲಿ, ಹೊಳೆ ಇಳಿದ ಮೇಲೆ, ಖಾನಾಪುರದ ಹತ್ತಿರ ಮಲಪ್ರಭೆಯ ಬಂಡೆಗಳ ಮೇಲೆ ಸ್ಪರ್ಧೆ ಇಟ್ಟಿದ್ದರು. ಆ ಜಾಗ ತೋರಿಸಿದವನೇ ಪರಾಗ. ಖಾನಾಪುರ ಅವರ ಮೂಲ ಊರು.

ಸ್ಪರ್ಧೆಗೆ ಇನ್ನೂ ಮೂರು ತಿಂಗಳಿರುವಾಗ, ಜನವರಿಯಲ್ಲಿ ಪರಾಗ ಲೇಥ್ ಮುಂದೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಗಾಡಿ ಅರ್ಧ ಆಗಿತ್ತು.

ಇಲ್ಲಿ ಒಂದು ಪದ್ಧತಿಯ ಮಾತು ಹೇಳಬೇಕು. ಸುಡುಗಾಡಿನಲ್ಲಿ ನೀರಿನ ಗಡಿಗೆಗೆ ತೂತು ಹೊಡೆಯಲು ಅಲ್ಲೇ ಒಂದು ಕಲ್ಲನ್ನು ಎತ್ತಿಕೊಳ್ಳುತ್ತಾರೆ. ಆ ಕಲ್ಲಿಗೆ ಅಶ್ಮ ಎನ್ನುತ್ತಾರೆ, ಅವಧೂತನ ಮನೆಯ ಮರಾಠಿಯಲ್ಲಿ ಜೀವಖಡಾ. ಹೋದವರ ಜೀವ ಹತ್ತು ದಿನ ಆ ಕಲ್ಲಿನಲ್ಲಿರುತ್ತದೆ ಎಂದು ನಂಬಿಕೆ. ಅದಕ್ಕೆ ಎಳ್ಳುನೀರು ಬಿಟ್ಟು, ಹತ್ತನೆಯ ದಿನ ಹೊಳೆಗೆ ಬಿಡಬೇಕು. ಅಲ್ಲಿಯವರೆಗೆ ಮನೆಯೊಳಗೆ ತರುವಂತಿಲ್ಲ. ಅಂದು ಗಡಿಗೆಗೆ ಕಲ್ಲು ಹೊಡೆದವನು ಪರಾಗನ ಗೆಳೆಯ ಮಾಯಪ್ಪ. ಅವನು ಖಾನಾಪುರ ಕಡೆಯ ಕುರಿಗಾರರ ಮನೆತನದವನು, ಈಗ ಫೌಂಡ್ರಿಯಲ್ಲಿ ಪಗಾರಕ್ಕಿದ್ದ. ಹೊಡೆದ ಕಲ್ಲನ್ನು ಭಟ್ಟರು ಹಳೆಯ ಪಂಚೆಯ ಚೂರಿನಲ್ಲಿ ಕಟ್ಟಿ ಅವಧೂತನ ಕೈಗಿಟ್ಟರು. ಅವನು ಅದನ್ನು ಬಿಚ್ಚಿ ನೋಡಲೇ ಇಲ್ಲ. ಎಳ್ಳುನೀರನ್ನೂ ಅರಿವೆಯ ಮೇಲೆಯೇ ಬಿಡುತ್ತಿದ್ದ. ಶೆಡ್ಡಿನ ಹೊರಗೋಡೆಯ ಗೂಟಕ್ಕೆ ನೇತುಹಾಕಿದ.

ಪಕ್ಕದ ಗೂಟದಲ್ಲಿ ಇನ್ನೊಂದು ಗಂಟಿತ್ತು. ಪರಾಗ ಗಾಡಿಗೆ ಭಾರ ಹಾಕಿ ನೋಡಲು ಮಲಪ್ರಭೆಯಿಂದ ಆರಿಸಿ ತಂದಿದ್ದ ಹರಳುಗಲ್ಲುಗಳ ಗಂಟು. ಅದೂ ಹಳೆಯ ಪಂಚೆಯದೇ.

ಹತ್ತನೆಯ ದಿನದ ಮುಂಜಾನೆ ಅವಧೂತ ಸ್ನಾನ ಮಾಡಿ ಹಿತ್ತಿಲಿಗೆ ಬಂದರೆ ಎರಡೂ ಗಂಟು ಕೆಳಗೆ ಬಿದ್ದಿದ್ದವು. ಬೆಕ್ಕು ಹಾರಿರಬೇಕು. ಎರಡೂ ಬಿಚ್ಚಿ, ಕಲ್ಲುಗಳೆಲ್ಲ ಒಂದರೊಳಗೊಂದು ಸೇರಿದ್ದವು. ಹೊರಗೆ ಜೀಪು ನಿಂತಿತ್ತು. ಭಟ್ಟರು ಹೊತ್ತಾಯಿತೆಂದು ಕೂಗುತ್ತಿದ್ದರು. ಅವಧೂತ ಬಾಗಿ, ನೋಡಿ, ಒಂದನ್ನು ಎತ್ತಿಕೊಂಡ.

"ಎಲ್ಲಾಕ್ಕಿಂತ ಕರ್ರಗ ಇತ್ತು, ಅಕ್ಕಾ. ನೋಡಿದ ಕೂಡಲೆ ಇದ ಅಂತ ಅನ್ನಿಸ್ತು," ಎಂದು ಆಮೇಲೆ ನನಗೆ ಹೇಳಿದ. "ಜನ್ಮದಾಗ ಮೊದಲನೇ ಸಲ ತಡಾ ಮಾಡದ ಆರಿಸೀನಿ. ದಾದಾನೇ ಬುದ್ಧಿ ಕೊಟ್ಟಿರಬೇಕು." ದಾದಾ ಎಂದರೆ ಅಣ್ಣ. ಹಾಗೆ ಹೇಳುವಾಗ ಅವನ ಮುಖದಲ್ಲಿ ಸಣ್ಣ ಹೆಮ್ಮೆ ಇತ್ತು.

ಖಾನಾಪುರದ ಹೊಳೆದಂಡೆಯಲ್ಲಿ ಪಿಂಡ ಇಟ್ಟು ಕಾದರು. ಅತ್ತಿಯ ಮರದ ತುಂಬ ಕಾಗೆಗಳಿದ್ದವು, ಒಂದೂ ಇಳಿಯಲಿಲ್ಲ. ಏನಾದರೂ ಆಸೆ ಉಳಿದಿರಬೇಕು, ಮಾತು ಕೊಡಿ ಎಂದರು ಭಟ್ಟರು. ಅವಧೂತ ಕೈ ಮುಗಿದು, "ದಾದಾ, ವೈನಿನ್ನ ನಮ್ಮ ಅಕ್ಕನ ಹಂಗ ನೋಡ್ಕೋತೀನಿ," ಎಂದ. ವೈನಿ ಎಂದರೆ ಅತ್ತಿಗೆ ರಾಧಿಕಾ. ಕಾಗೆಗಳು ಮಿಸುಕಲಿಲ್ಲ. "ಆಯಿನ್ನ ಬಿಟ್ಟು ಎಲ್ಲೂ ಹೋಗೂದಿಲ್ಲ," ಎಂದು ತಾಯಿಯ ಮಾತು ತೆಗೆದ. ಮರ ಮರದಂತೆಯೇ ಇತ್ತು. ಬಿಸಿಲೇರಿತು. ಬಂದವರು ಕಾಲು ಬದಲಿಸತೊಡಗಿದರು. ಆಗ ಹಿಂದಿನಿಂದ ಮಾಯಪ್ಪ ಮೆಲ್ಲಗೆ, "ಗಾಡಿ ಸುದ್ದಿ ತಗೀರಿ," ಎಂದ.

"ದಾದಾ, ನಿನ್ನ ಗಾಡಿ ಪೂರಾ ಮಾಡ್ತೀನಿ. ಇದೇ ಹೊಳಿಗೆ ಸ್ಪರ್ಧಾಕ್ಕ ತರ್ತೀನಿ."

ಒಂದು ಕಾಗೆ ಬಂತು. ಮರದಿಂದ ಬರಲಿಲ್ಲ ಎಂದು ಮಾಯಪ್ಪ ಹೇಳುತ್ತಾನೆ. ಅದು ಬಂಡೆಗಳ ಹಿಂದಿನಿಂದ, ಹಾರದೆ, ನಡೆದುಕೊಂಡು ಬಂತು. ಒಂದು ಅಗುಳು ಎತ್ತಿಕೊಂಡು ಬಂದ ದಾರಿಯಲ್ಲೇ ನಡೆದು ಹೋಯಿತು.

ಕಲ್ಲನ್ನು ಹೊಳೆಗೆ ಬಿಟ್ಟು ಮನೆಗೆ ಬಂದವರು ನಗುತ್ತ ಇದನ್ನು ಹೇಳಿದರು. ಗಂಡಸರ ಹುಚ್ಚು ಸತ್ತರೂ ಬಿಡುವುದಿಲ್ಲ ಎಂದರು. ರಾಧಿಕಾ "ಹೌದೇನು" ಎಂದು ಒಳಗೆ ಹೋದಳು. ಎಷ್ಟೋ ದಿನಗಳ ಮೇಲೆ, ಗೋಡೆಯ ಆಚೆ ಬಟ್ಟೆ ಒಣಹಾಕುತ್ತ, ನನ್ನ ಮುಖ ನೋಡದೆ ಹೇಳಿದಳು: "ನನ್ನ ಹೆಸರಿಗೆ ಕಾಗಿ ಕುತ್ತಿಗಿ ಸೈತ ಹೊರಳಿಸಲಿಲ್ಲಂತರೀ. ಗಾಡಿ ಅಂದಕೂಡಲೆ ಓಡಿ ಬಂತಂತ." ನಾನು ಅವಳ ಕೈಯಲ್ಲಿದ್ದ ಸೀರೆಯ ಇನ್ನೊಂದು ತುದಿ ಹಿಡಿದುಕೊಂಡೆ, ಅಷ್ಟೆ.

ಹೀಗೆ ಬದನೆಕಾಯಿ ಆರಿಸಲಾರದವನ ಪಾಲಿಗೆ ಗಾಡಿಯ ಭಾಗಗಳನ್ನು ಆರಿಸುವ ಕೆಲಸ ಬಂತು. ಅಲ್ಯೂಮಿನಿಯಂ ಮೈ, ಎರಡು ಅಚ್ಚು, ಎರಡೂ ಬದಿಯ ಗಾಲಿ ಒಂದೇ ಸಮ ತಿರುಗುವಂತೆ ಬೆಸೆದ ಗೇರು, ಇಷ್ಟನ್ನು ಪರಾಗ ಮುಗಿಸಿದ್ದ. ಉಳಿದದ್ದು ಪುಣೆಯಿಂದ ತರಿಸಬೇಕು. ಮಾಯಪ್ಪ ದಿನವೂ ಸಂಜೆ ಬರುತ್ತಿದ್ದ.

"ಮೋಟರ್ ಯಾವದು ಅಂತೀ, ಮಾಯಪ್ಪಾ? ಇದು ಜೋರಾಗಿ ಓಡ್ತದಂತ. ಇದು ಸಾವಕಾಶ ಹೋಗ್ತದಂತ, ಆದರ ಬಲ ಜಾಸ್ತಿ."

"ನಮ್ದೇನು ಗೋಕಾಕಕ್ಕ ಹೋಗೂದೈತೇನ್ರಿ? ಹತ್ತೂದೈತಿ. ಸಾವಕಾಶದ್ದ ತರಸ್ರಿ."

"ಆದರ ಜೋರಿಂದು..."

"ಸಾಹೇಬ್ರ, ಏಪ್ರಿಲ್ ಈ ವರ್ಷದ್ದೋ, ಮುಂದಿನ ವರ್ಷದ್ದೋ? ಅಷ್ಟ ಹೇಳ್ರಿ."

ಗಾಲಿಗಳನ್ನು ಹೊರಳಿಸುವ ಸಣ್ಣ ಯಂತ್ರಕ್ಕೆ ಸರ್ವೋ ಎನ್ನುತ್ತಾರೆ. ಎರಡು ಕಲ್ಲುಗಳ ಸಂದಿಯಲ್ಲಿ ಸಿಕ್ಕಿದ ಗಾಲಿಯನ್ನೂ ತಿರುಗಿಸುವಷ್ಟು ಶಕ್ತಿಯದೇ ಬೇಕಿತ್ತು. ಬ್ಯಾಟರಿಯನ್ನು ಕೆಳಗೆ, ಮುಂದಕ್ಕೆ ಕೂಡಿಸಿದರು. ಟೈರಿನ ವಿಷಯದಲ್ಲಿ ಮಾಯಪ್ಪ ಗಟ್ಟಿಯದು ಬಾಳುತ್ತದೆ ಎಂದ. ಅವಧೂತ ಎರಡನ್ನೂ ಹೆಬ್ಬೆರಳಿನಿಂದ ಒತ್ತಿ, ಮತ್ತೆ ಒತ್ತಿ, ಎಳೆಯ ಬದನೆಕಾಯಿಯಷ್ಟು ಮೆತ್ತಗಿದ್ದುದನ್ನು ಇಟ್ಟುಕೊಂಡ. ಅದು ಕಲ್ಲನ್ನು ಬಿಗಿಯಾಗಿ ಹಿಡಿಯಿತು. ಅವನು ಒತ್ತಿ ನೋಡಿದ್ದಕ್ಕೆ ಅದೊಂದೇ ಸಲ ಫಲ ಸಿಕ್ಕಿತೆಂದು ಮಾಯಪ್ಪ ನಕ್ಕ.

ಕೊನೆಗೆ ಉಳಿದದ್ದು ಭಾರ. ಏರುವಾಗ ಗಾಡಿಯ ಮೂತಿ ಮೇಲೆದ್ದು ಹಿಂದಕ್ಕೆ ಉರುಳುತ್ತಿತ್ತು. ಮುಂದಿನ ಗಾಲಿಗಳಿಗೆ ತೂಕ ಬೇಕು. ಮಾಯಪ್ಪ ಸೀಸ ಕರಗಿಸಿ ಪಟ್ಟಿ ಹೊಯ್ದು ತಂದ, ಅದು ಟೈರಿನೊಳಗಿನ ಸ್ಪಂಜನ್ನು ಹರಿದುಹಾಕಿತು. ಆಮೇಲೆ ಅವಧೂತ ಪರಾಗನ ಮೇಜಿನ ಕೆಳಗೆ ಬೇರೆ ಎರಡು ಸ್ಪಂಜಿನ ಬಳೆಗಳನ್ನು ಕಂಡ. ಅವುಗಳಲ್ಲಿ ಸುತ್ತಲೂ ಕೊರೆದ ಕುಣಿಗಳಿದ್ದವು, ಹರಳುಗಲ್ಲು ಕೂಡುವಂಥವು. ಅಂದರೆ ದಾದಾ ಭಾರವನ್ನು ಮೊದಲೇ ಆರಿಸಿದ್ದ. ಆ ಮುಂಜಾನೆ ಬಾಚಿ ಕಟ್ಟಿ ಮತ್ತೆ ಗೂಟಕ್ಕೆ ಹಾಕಿದ್ದ ಗಂಟನ್ನು ಬಿಚ್ಚಿ ಒಂದೊಂದೇ ಕಲ್ಲನ್ನು ಕೂಡಿಸಿದ. ಎಡಗಡೆಯ ಗಾಲಿಯಲ್ಲಿ ಒಂದು ಕುಣಿ ಉಳಿಯಿತು. ಗಂಟಿನ ತಳದಲ್ಲಿದ್ದ ಚಪ್ಪಟೆ ಕಲ್ಲೊಂದು ಅದಕ್ಕೆಂದೇ ಕೊರೆದಂತೆ ಕೂತಿತು. ಅಂದು ಮಾಯಪ್ಪನಿಗೆ ಫೌಂಡ್ರಿಯಲ್ಲಿ ಎರಡನೆಯ ಪಾಳಿ ಇತ್ತು. ಅವಧೂತ ಒಬ್ಬನೇ ಟೈರು ಹಾಕಿ ಅಂಟು ಹಚ್ಚಿದ.

ಮರುದಿನ ಸಂಜೆ ಬ್ಯಾಟರಿ ಜೋಡಿಸಿದರು. ರಿಮೋಟ್ ಇನ್ನೂ ಮೇಜಿನ ಮೇಲಿತ್ತು. ಗಾಡಿಯ ಮುಂದಿನ ಗಾಲಿಗಳು ತಾವೇ ನಿಧಾನವಾಗಿ ಎಡಕ್ಕೆ ಹೊರಳಿ ನಿಂತವು.

"ಸರ್ವೋ ಸರಿ ಕುಂತಿಲ್ಲ," ಎಂದ ಮಾಯಪ್ಪ. ಬಿಚ್ಚಿ ಕೂಡಿಸಿದರು, ಮತ್ತೆ ಎಡಕ್ಕೆ. ಬೇರೆ ಸರ್ವೋ ಹಾಕಿದರು. ಹತ್ತಿರದಲ್ಲಿ ಯಾರದೋ ರೇಡಿಯೋ ಅಡ್ಡ ಬರುತ್ತಿರಬಹುದೆಂದು ರಿಮೋಟಿನ ತರಂಗ ಗೊತ್ತುಮಾಡುವ ಕ್ರಿಸ್ಟಲ್ ಬದಲಿಸಿದರು. ಎಡಕ್ಕೇ. ಬೇಸತ್ತು ಮಾಯಪ್ಪ ಗಾಡಿಯನ್ನು ಎತ್ತಿ ಮೇಜಿನ ಮೇಲೆ ತಿರುಗಿಸಿ ಇಟ್ಟ. ಗಾಲಿಗಳು ಈಗ ಬಲಕ್ಕೆ ಹೊರಳಿದವು.

ಮಾಯಪ್ಪ ಗಾಡಿಯನ್ನು ಅಡ್ಡ ಇಟ್ಟ, ಓರೆಯಾಗಿ ಇಟ್ಟ. ಹೇಗಿಟ್ಟರೂ ಗಾಲಿಗಳು ಶೆಡ್ಡಿನ ಅದೇ ಮೂಲೆಯ ಕಡೆಗೆ ತಿರುಗುತ್ತಿದ್ದವು. ಆ ಮೂಲೆಯ ಆಚೆ ನೇರ ಹೋದರೆ ದೇಸೂರು, ಅದರಾಚೆ ಖಾನಾಪುರ.

"ಬಸ್ಸಿನ ಹಾದಿ ಬಲ್ಲದು ನೋಡ್ರಿ ಇದು," ಎಂದು ನಗಲು ನೋಡಿದ ಮಾಯಪ್ಪ. ಅವನ ದನಿ ಹೊರಗೆ ನನಗೂ ಕೇಳಿಸಿತು. ತುಳಸಿಗೆ ದೀಪ ಇಡುತ್ತಿದ್ದವಳು ಗೋಡೆಯ ಮೇಲಿಂದ ನೋಡಿದೆ. ಅವಧೂತ ಗಾಡಿಯನ್ನು ತಿರುಗಿಸಿದ, ಗಾಲಿ ಮೆಲ್ಲಗೆ ಹೊರಳಿತು, ಮಲಗಿದವರು ಮಗ್ಗಲು ಬದಲಿಸುವ ಹಾಗೆ. ಶೆಡ್ಡಿನ ಕಡೆಯಿಂದ ನೆನೆದ ಎಳ್ಳಿನ ವಾಸನೆ ಬರುತ್ತಿತ್ತು. ಸಂಕ್ರಾಂತಿ ಮುಗಿದು ಎಷ್ಟು ದಿನವಾಗಿತ್ತು, ಯಾರ ಮನೆಯಲ್ಲಿ ಎಳ್ಳು ನೆನೆಹಾಕಿದ್ದಾರೆ ಅಂದುಕೊಂಡು ಒಳಗೆ ಹೋದೆ.

ಅಂದಿನಿಂದ ಅವರ ತಾಯಿ ಸುಹಾಸಿನಿಬಾಯಿ ಸಂಜೆ ಹಿತ್ತಿಲಿಗೆ ಬರುವುದನ್ನು ಬಿಟ್ಟರು. ಕೇಳಿದರೆ ಮಂಡಿನೋವು ಎನ್ನುತ್ತಿದ್ದರು. ಅವಧೂತ ಮಾತ್ರ ಬಿಡಲಿಲ್ಲ. ಖಾನಾಪುರದ ಕಡೆ ಎಳೆಯುವ ಗಾಡಿಯನ್ನು ಎದುರು ದಿಕ್ಕಿಗೆ ಒತ್ತಿ ಹಿಡಿದು ನಡೆಸುವುದನ್ನು ಕಲಿತ. ಕೊಟ್ಟ ಮಾತು ಉಳಿಯಬೇಕು, ಇಲ್ಲವಾದರೆ ದಾದಾ ನಡುದಾರಿಯಲ್ಲಿ ನಿಂತುಬಿಡುತ್ತಾನೆ, ಇಷ್ಟೇ ಅವನ ತಲೆಯಲ್ಲಿ.

ಸ್ಪರ್ಧೆಯ ದಿನ ರಾಧಿಕಾ ತಾನೂ ಬರುತ್ತೇನೆಂದಳು. ಅತ್ತೆ ಬೇಡವೆಂದರು. "ನನಗಿಂತ ಹೆಚ್ಚಿಗೆ ಬೇಕಾದ ಗಾಡಿ ಎಂಥಾದ್ದು, ಒಮ್ಮೆ ನೋಡಬ್ಯಾಡೇನ್ರಿ ನಾನು?" ಎಂದು ಚಪಾತಿ, ಬಟಾಟೆ ಪಲ್ಯ ಕಟ್ಟಿಕೊಂಡು ಹೊರಟಳು.

ಪಿಂಡ ಇಟ್ಟ ಜಾಗದಿಂದ ಸ್ವಲ್ಪ ಮೇಲೆ, ಹೊಳೆಯ ಪಾತ್ರದಲ್ಲಿ, ಬಂಡೆಗಳ ಮೇಲೆ ಬಣ್ಣದ ಕಡ್ಡಿ ನೆಟ್ಟು ಸುತ್ತ ಹಗ್ಗ ಕಟ್ಟಿದ್ದರು. ಹೊರಗಿನಿಂದ ಬಂದವರು ಟೊಪ್ಪಿಗೆ ಹಾಕಿಕೊಂಡು, ಸಣ್ಣ ಗಾಡಿಗಳನ್ನು ಮಗುವಿನಂತೆ ಎತ್ತಿಕೊಂಡು ಓಡಾಡುತ್ತಿದ್ದರು. ಮೊದಲ ಸುತ್ತಿನಲ್ಲಿ ಪರಾಗನ ಗಾಡಿ ಎಲ್ಲರ ಬಾಯಿ ಮುಚ್ಚಿಸಿತು. ಬೇರೆ ಗಾಡಿಗಳು ಮಗುಚಿದ ಏರನ್ನು ಅದು ನಿಧಾನ ಉಸಿರಾಡುತ್ತ ಹತ್ತುವವರಂತೆ ಹತ್ತಿತು. ಆದರೆ ನೀರಿನ ಹತ್ತಿರ ಬಂದಷ್ಟೂ ಅವಧೂತನ ಹೆಬ್ಬೆರಳು ಬೆಳ್ಳಗಾಗುತ್ತಿತ್ತು. ನೀರಿದ್ದ ಎಡಕ್ಕೆ ಗಾಡಿ ಎಳೆಯುತ್ತಿತ್ತು, ಬಲಕ್ಕೆ ಅಷ್ಟು ಒತ್ತಿ ಹಿಡಿಯಬೇಕಾಗಿತ್ತು. ಆ ಎಳೆತಕ್ಕೆ ಕೊನೆಯ ಇಳಿಜಾರಿನಲ್ಲಿ ಎಡಗಡೆಯ ಟೈರಿನ ಅಂಟು ಬಿಟ್ಟಿತು.

ಎರಡನೆಯ ಸುತ್ತಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಮೂವರೂ ನೆರಳಿಗೆ ಕೂತು ಟೈರು ಬಿಡಿಸಿದರು. ಚಪ್ಪಟೆ ಕಲ್ಲು ಜಾರಿ ಮಾಯಪ್ಪನ ಪಾದದ ಮೇಲೆ ಬಿತ್ತು. ಎತ್ತಿಕೊಂಡವನು ಅದನ್ನು ಕೆಳಗಿಡಲಿಲ್ಲ.

"ಸಾಹೇಬ್ರ, ಈ ಕಲ್ಲ ಎಲ್ಲೀದು?"

"ದಾದಾನ ಗಂಟಿಂದು."

"ಅಲ್ಲ." ಮಾಯಪ್ಪ ಅಂಗೈ ಮುಂದೆ ಮಾಡಿದ. ಕಲ್ಲಿನ ಒಂದು ಅಂಚಿನಲ್ಲಿ ಇಟ್ಟಂಗಿ ಬಣ್ಣದ ಗೀರು ಇತ್ತು. "ಇದು ಗಡಿಗಿ ಬಣ್ಣ. ಇದೇ ಕೈಲೆ ಹೊಡದೀನಿ ನಾ. ಮೂಲಿ ಸೀಳಿತ್ತು, ನೋಡ್ರಿ, ಇಲ್ಲೆ."

ಕಲ್ಲಿಗೆ ಎಳ್ಳಿನ ವಾಸನೆ ಇತ್ತು. ಅವಧೂತ ಬೆರಳಿನಿಂದ ಆ ಗೀರನ್ನು ಸವರಿದ. ಆಮೇಲೆ ಬಿದ್ದ ಗಂಟುಗಳ ಸುದ್ದಿ ಹೇಳಿದ.

"ಹಂಗಾರ ಅವತ್ತ ಹೊಳ್ಯಾಗ ಬಿಟ್ಟಿದ್ದು?" ಎಂದಳು ರಾಧಿಕಾ.

"ಬರೇ ಕಲ್ಲು, ವೈನಿ."

ರಾಧಿಕಾ ಡಬ್ಬಿಯ ಮುಚ್ಚಳ ಹಾಕಿದಳು. "ಹಂಗಾರ ಅವತ್ತ ಅವರು ಇಲ್ಲಿ ಇರಲೇ ಇಲ್ಲ. ನಮ್ಮ ಹಿತ್ತಲದಾಗ ಇದ್ರು." ಡಬ್ಬಿಯನ್ನು ಬದಿಗೆ ಸರಿಸಿ ಹೇಳಿದಳು, "ನನ್ನ ಸುದ್ದಿ ಅವರು ಕೇಳೇ ಇಲ್ಲ."

"ಕಾಗಿ ಬಂತಲ್ರಿ, ಅಕ್ಕಾರ," ಎಂದ ಮಾಯಪ್ಪ. ಎಂದವನೇ ಬಾಯಿ ಮುಚ್ಚಿಕೊಂಡ. ಜೀವ ಹಿಂದವಾಡಿಯ ಹಿತ್ತಿಲಲ್ಲಿದ್ದರೆ ಅಂದು ನಡೆದುಕೊಂಡು ಬಂದು ಅಗುಳು ಎತ್ತಿಕೊಂಡದ್ದು ಯಾರು? ಆ ಪ್ರಶ್ನೆ ಮೂವರ ನಡುವೆ ಇತ್ತು.

ಕಲ್ಲನ್ನು ಈಗಲೇ ಹೊಳೆಗೆ ಬಿಟ್ಟುಬಿಡೋಣ ಎಂದ ಮಾಯಪ್ಪ. ಸ್ಪರ್ಧೆಗೆ ತರುತ್ತೇನೆಂದು ಹೇಳಿ ನಡುವೆ ಇಳಿಸುವುದು ಹೇಗೆ ಎಂದಳು ರಾಧಿಕಾ. ಇಬ್ಬರೂ ಅವಧೂತನ ಕಡೆ ನೋಡಿದರು. ಅವನು ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

"ನಾ ಆರಿಸಿದ್ದು ಸಾಕಾತು," ಎಂದ. "ಇನ್ನ ದಾದಾನ ಆರಿಸಲಿ."

ಕಲ್ಲನ್ನು ಅದರ ಕುಣಿಯಲ್ಲೇ ಇಟ್ಟು ಟೈರು ಹಾಕಿದರು. ಅಂಟು ಆರುವಷ್ಟು ಹೊತ್ತಿರಲಿಲ್ಲ. ರಾಧಿಕಾ ಡಬ್ಬಿಯ ಚೀಲಕ್ಕೆ ಸುತ್ತಿದ್ದ ತವರಿನ ಮಗ್ಗದ ನೂಲನ್ನು ಬಿಚ್ಚಿ, ಗಾಲಿಗೆ ಬಿಗಿಯಾಗಿ ಸುತ್ತಿ, ನೇಕಾರರ ಗಂಟು ಹಾಕಿದಳು. ಆ ಗಂಟನ್ನು ಕತ್ತರಿಸಬಹುದು, ಅದು ತಾನಾಗಿ ಬಿಚ್ಚುವುದಿಲ್ಲ.

ಎರಡನೆಯ ಸುತ್ತಿನಲ್ಲಿ ಅವಧೂತ ಕಡ್ಡಿಗಳನ್ನೆಲ್ಲ ದಾಟಿಸಿದ, ಕೊನೆಯ ಜೋಡಿಯೊಂದು ಉಳಿಯಿತು. ಅದು ಬಲಕ್ಕಿತ್ತು, ಎಡಕ್ಕೆ ಬಂಡೆ ಇಳಿದು ನೀರು. ಗಾಡಿ ನಡುವೆ ನಿಂತಿತು. ಗಾಲಿಗಳು ನೀರಿನ ಕಡೆ ಹೊರಳಿದ್ದವು. ಬಲಕ್ಕೆ ಒತ್ತಿದ, ಮುಂದಕ್ಕೆ ಒತ್ತಿದ, ಹಿಂದಕ್ಕೆ ಎಳೆದ. ಗಾಡಿ ಮಿಸುಕಲಿಲ್ಲ. ತೀರ್ಪು ಹೇಳುವ ಪಂಚರು ಗಡಿಯಾರ ನೋಡುತ್ತಿದ್ದರು. ಅವಧೂತ ರಿಮೋಟನ್ನು ಮೆಲ್ಲಗೆ ಬಂಡೆಯ ಮೇಲಿಟ್ಟು ಕೈ ತೆಗೆದ. ಆಗಲೂ ಗಾಡಿ ಹೋಗಲಿಲ್ಲ. ಏನನ್ನೋ ಕಾಯುವವರ ಹಾಗೆ ನಿಂತಿತ್ತು.

ರಾಧಿಕಾ ಹಗ್ಗ ದಾಟಿ ಒಳಗೆ ಬಂದಳು. "ಬಾಯಿ, ಒಳಗ ಬರಬ್ಯಾಡ್ರಿ," ಎಂದರು ಪಂಚರು. ಅವಳು ಅವಧೂತನ ಪಕ್ಕ ನಿಂತಳು.

"ಭಾವೋಜಿ, ಅವತ್ತ ಮೊದಲ ಯಾವ ಮಾತು ಕೊಟ್ಟಿದ್ರಿ, ಅದನ್ನ ಹೇಳ್ರಿ. ಈಗ ಕೇಳ್ತಾರ."

ಅವಧೂತ ಕೈ ಮುಗಿದ. ಬಂಡೆಗಳ ಮೇಲೆ ಅಷ್ಟು ಜನರ ಮುಂದೆ, ಮೊಳದುದ್ದದ ಗಾಡಿಗೆ ಹೇಳಿದ: "ದಾದಾ, ವೈನಿನ್ನ ನಮ್ಮ ಅಕ್ಕನ ಹಂಗ ನೋಡ್ಕೋತೀನಿ."

ಮೋಟರಿನ ಸಣ್ಣ ಸದ್ದು ಬಂತು. ಗಾಡಿ ಹೊರಟಿತು. ಅವಧೂತ ಎಂದೂ ನಡೆಸಲಾರದಷ್ಟು ನಯವಾಗಿ, ಪ್ರತಿ ಅಂಚಿಗೂ ಮೊದಲು ಒಂದು ಗಾಲಿ ಇಟ್ಟು ನೋಡಿ ಆಮೇಲೆ ಇನ್ನೊಂದನ್ನು ಇಡುತ್ತ, ಬಂಡೆ ಇಳಿಯಿತು. ಒಮ್ಮೆಯೂ ಜಾರಲಿಲ್ಲ. ನೀರಿಗೆ ತಾಕಿತು, ಗಾಲಿ ಮುಳುಗಿತು, ಮೇಲೆ ನಿಂತಿದ್ದ ಏರಿಯಲ್ ತಂತಿ ಮುಳುಗಿತು. ನೀರು ಸುಮ್ಮನಾಯಿತು.

ದಾರಿ ತಪ್ಪಿದ ಗಾಡಿ ಎಂದು ಪಂಚರು ಕೂಗಿ ಹೇಳಿದರು.

ಮಾಯಪ್ಪ ಮಂಡಿಯುದ್ದ ನೀರಿನಲ್ಲಿ ಇಳಿದು ಅದನ್ನು ಎತ್ತಿ ತಂದ. ಎಡಗಡೆಯ ಟೈರು ಸಡಿಲಾಗಿತ್ತು. ನೂಲು ಉದ್ದಕ್ಕೆ ಜೋತಿತ್ತು, ಎಲ್ಲೂ ಹರಿದಿರಲಿಲ್ಲ, ಗಂಟು ಬಿಚ್ಚಿತ್ತು. ಉಳಿದ ಕಲ್ಲುಗಳೆಲ್ಲ ತಮ್ಮ ತಮ್ಮ ಕುಣಿಯಲ್ಲಿದ್ದವು. ಚಪ್ಪಟೆ ಕಲ್ಲು ಮಾತ್ರ ಇರಲಿಲ್ಲ. ರಾಧಿಕಾ ನೂಲನ್ನು ಬೆರಳಿಗೆ ಸುತ್ತಿಕೊಂಡು ದಂಡೆಯಲ್ಲಿ ಕೂತು, ಜನವರಿಯಿಂದ ತಡೆದಿದ್ದನ್ನೆಲ್ಲ ಅತ್ತಳು.

ರಿಮೋಟನ್ನು ಬಂಡೆಯ ಮೇಲಿಡುವಾಗ ಅದರ ಸಣ್ಣ ಗುಂಡಿ ಎಲ್ಲೋ ಸರಿದಿರಬೇಕು, ಅದಕ್ಕೇ ಗಾಡಿ ಹೊರಟಿತು ಎನ್ನುತ್ತಾನೆ ಮಾಯಪ್ಪ. ಇರಬಹುದು ಎನ್ನುತ್ತಾನೆ ಅವಧೂತ. ಗಾಡಿಯನ್ನು ಒಣಗಿಸಿ ಬೇರೆ ಬ್ಯಾಟರಿ ಹಾಕಿ ನೋಡಿದರು. ಹೇಗಿಟ್ಟರೂ ಗಾಲಿಗಳು ಈಗ ನೆಟ್ಟಗೆ ನಿಲ್ಲುತ್ತವೆ.

ಅವಧೂತ ಈಗಲೂ ಫಕೀರವ್ವನ ಬುಟ್ಟಿಯ ಮುಂದೆ ಅರ್ಧ ಬೆಳಗು ನಿಲ್ಲುತ್ತಾನೆ, ಅವಳಿಂದ ಬೈಸಿಕೊಳ್ಳುತ್ತಾನೆ. ಒಂದು ಹೊಸ ರೂಢಿ ಮಾತ್ರ ಬಂದಿದೆ. ದಿನವೂ ಊಟಕ್ಕೆ ಮೊದಲು ಶೆಡ್ಡಿನ ಕಟ್ಟೆಯ ಮೇಲೆ ಒಂದು ತುತ್ತು ಅನ್ನ ಇಡುತ್ತಾನೆ. ಅಣ್ಣನ ಹೆಸರಿಗೋ ಎಂದು ನಾನು ಒಮ್ಮೆ ಗೋಡೆಯ ಮೇಲಿಂದ ಕೇಳಿದೆ.

"ದಾದಾ ಹೋದ್ನಲ್ಲ, ಅಕ್ಕಾ," ಎಂದ. "ಇದು ಅವತ್ತ ಪಿಂಡಕ್ಕ ಬಂದವರಿಗೆ. ಯಾರೋ ಏನೋ. ಹಸಿದಿದ್ರು."

ನಮ್ಮ ತೆಂಗಿನ ಮರದಲ್ಲಿ ಕಾಗೆಗಳು ಬೇಕಾದಷ್ಟಿವೆ. ಆ ಅನ್ನಕ್ಕೆ ಅವು ಇಳಿಯುವುದಿಲ್ಲ. ಹಿತ್ತಿಲಿನ ಹಿಂದಿನ ಸಂದಿಯಿಂದ ಒಂದು ಕಾಗೆ ಬರುತ್ತದೆ. ಹಾರುವುದಿಲ್ಲ, ನಡೆದುಕೊಂಡು ಬರುತ್ತದೆ. ಆ ಹೊತ್ತಿಗೆ ನಾನು ಕೈಯಲ್ಲಿದ್ದ ಕೆಲಸ ನಿಲ್ಲಿಸಿ, ಅದು ತಿಂದು ಹೋಗುವವರೆಗೆ ದೇವರ ನಾಮ ಹೇಳಿಕೊಳ್ಳುತ್ತೇನೆ.